ತಾತ ತಂದ ಗುಂಡು

ಮಾಗಡಿ ಸೀಮೆಯ ನಮ್ಮ ಹಳ್ಳಿಮನೆಯಲ್ಲಿ ಒಂದು ಕಬ್ಬಿಣದ ಗುಂಡು ಇತ್ತು. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅದನ್ನು ಒತ್ತಿಡುತ್ತಿದ್ದೆವು. ಸಾವನದುರ್ಗದ ಕಡೆ ದನ ಮೇಯಿಸಲು ಹೋಗಿದ್ದ ತಾತ ಅದನ್ನು ಹೆಗಲ ಮೇಲೆ ಹೊತ್ತು ತಂದರಂತೆ. ಯಾವ ಜಾಗದಲ್ಲಿ ಸಿಕ್ಕಿತು ಎಂದು ಯಾರೂ ಕೇಳಲಿಲ್ಲ. ನನಗೆ ಕೇಳಬೇಕೆನಿಸುವ ಹೊತ್ತಿಗೆ ತಾತ ಇರಲಿಲ್ಲ.

ಗುಂಡು ಬಹುಶಃ 1791ರದು. ಆ ವರ್ಷದ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದವರೆಗೆ ಹೋಗಿ, ಮಳೆಗೂ ದವಸದ ಕೊರತೆಗೂ ಸೋತು ಹಿಂದಿರುಗಿದ್ದ. ಮತ್ತೆ ದಂಡೆತ್ತಿ ಹೋಗಬೇಕಾದರೆ ಬೆಂಗಳೂರಿನಿಂದ ಸಾಗುವ ದಾರಿ ಭದ್ರವಾಗಬೇಕಿತ್ತು. ಅದಕ್ಕೇ ನಮ್ಮ ಬೆಟ್ಟಗಳ ಮೇಲೆ ಕಣ್ಣು. ಇತ್ತ ಟಿಪ್ಪು, ಶತ್ರುವಿಗೆ ಆಸರೆಯಾಗಬಾರದೆಂದು ಇಂದಿನ ಕನಕಪುರವನ್ನೇ ಹಾಳುಗೆಡವಿದ.

ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟನ ಪಡೆ ಸಾವನದುರ್ಗದ ಬಳಿ ಬೀಡುಬಿಟ್ಟಿತು. ಬಿದಿರುಮೆಳೆ ಕಡಿದು, ಬಂಡೆಗಳ ಮೇಲೆ ತೋಪುಗಳನ್ನೆಳೆದು, 17ರಂದು ಗುಂಡು ಹಾರಿಸತೊಡಗಿದರು. 21ರಂದು ಕೋಟೆ ಬಿತ್ತು. ಅದೇ ತಿಂಗಳಲ್ಲಿ ರಾಮನಗರದ ರಾಮಗಿರಿಯೂ ಹುತ್ರಿದುರ್ಗವೂ ಹೋದವು. ದಂಡಿನ ಅಧಿಕಾರಿ ಡಿರೋಮ್ 1793ರಲ್ಲಿ ಇದರ ಪುಸ್ತಕ ತಂದ. ಸಾವನದುರ್ಗದ ಹಲ್ಲೆಯಲ್ಲಿ ತಮ್ಮವನೊಬ್ಬನಿಗೆ ಮಾತ್ರ ಗಾಯವಾಯಿತು, ಕೋಟೆಯವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು ಎಂಬುದು ಅವನ ಲೆಕ್ಕ. ಸತ್ತವರ ಕಡೆಯವರು ಬರೆದಿಟ್ಟ ಕಥೆ ನನಗೆಲ್ಲೂ ಸಿಕ್ಕಿಲ್ಲ. ಅವರ ಪಾಲಿನ ಮಾತು ಏನಾದರೂ ಉಳಿದಿದ್ದರೆ ಅದು ನೆಲದಲ್ಲೇ ಉಳಿದಿರಬೇಕು.

ಹೋದ ಬೇಸಗೆಯಲ್ಲಿ ಅಕ್ಕನ ಮಗ ಒಂದು ಮೆಟಲ್ ಡಿಟೆಕ್ಟರ್ ತಂದ. “ಬನ್ನಿ ಮಾವ, ದುರ್ಗ ಸುತ್ತಿ ಬರೋಣ” ಎಂದ. ನಾನು ಒಪ್ಪಲಿಲ್ಲ. ಅದು ಸರ್ಕಾರದ ಕಾಡು, ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಅದಲ್ಲದೆ ನಿಧಿಯಾಸೆಯವರು ಅಗೆದ ಗುಂಡಿಗಳನ್ನು ಹಾಳುಕೋಟೆಗಳಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ.

ಯಂತ್ರದ್ದೇನೂ ತಪ್ಪಿಲ್ಲ. ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರಲ್ಲಿ ಕಸ್ಟರನೂ ಅವನ ಜೊತೆಗಿದ್ದ ತುಕಡಿಯೂ ಮಡಿದರು. 1983ರಲ್ಲಿ ಅಲ್ಲಿನ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲ ತೆರವಾಯಿತು. ಮುಂದಿನೆರಡು ವರ್ಷ ಪುರಾತತ್ವಜ್ಞರು ಇಂಥದೇ ಯಂತ್ರ ಹಿಡಿದು ಸಾಲಾಗಿ ನಡೆದರು. ಸದ್ದಾದ ಕಡೆಯೆಲ್ಲ ಬಾವುಟ ನೆಟ್ಟು, ಒಂದೊಂದು ಗುಂಡಿನ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿ, ಆಮೇಲೆ ಎತ್ತಿದರು. ಯಾರು ಎಲ್ಲಿ ನಿಂತು ಹೊಡೆದರು, ಎತ್ತ ಸರಿದರು ಎಂಬುದು ಆ ನಕ್ಷೆಯಲ್ಲಿ ಮೂಡಿತು. ಬಿಳಿಯರು ಬಹುಕಾಲ ಲಕ್ಷ್ಯಕ್ಕೆ ತಂದುಕೊಳ್ಳದಿದ್ದ ಮೂಲನಿವಾಸಿಗಳ ಹೇಳಿಕೆಗಳಿಗೆ ನೆಲವೇ ಸಾಕ್ಷಿ ನುಡಿಯಿತು.

ನಮ್ಮ ಮನೆಯ ಗುಂಡು ಹಾಗೆ ಸಾಕ್ಷಿ ನುಡಿಯಲಾರದು. ಅದು ಸಿಕ್ಕ ಜಾಗ ಗೊತ್ತಿದ್ದರೆ ಹೊಡೆದವರು ಕೋಟೆಯವರೋ ಇಂಗ್ಲಿಷರೋ, ತೋಪು ನಿಂತದ್ದೆಲ್ಲೋ ಊಹಿಸಬಹುದಿತ್ತು. ತಾತ ತಂದದ್ದು ಕಬ್ಬಿಣ ಮಾತ್ರ. ಕಥೆ ಕಾಡಿನಲ್ಲೇ ಉಳಿಯಿತು.

ಹುಡುಗನ ಮುಖ ಸಣ್ಣದಾಯಿತು. ಸಮಾಧಾನಕ್ಕೆ ನಮ್ಮ ಹಿತ್ತಲಲ್ಲೇ ಯಂತ್ರ ಆಡಿಸಿದೆವು. ಸದ್ದಾಯಿತು. ಕೆದಕಿದರೆ ತುಕ್ಕು ಹಿಡಿದ ಎತ್ತಿನ ಲಾಳ. ಎಸೆಯಲು ಹೋದವನನ್ನು ತಡೆದು, ಬಾವಿಯಿಂದ ಎಷ್ಟು ಹೆಜ್ಜೆ, ಹುಣಸೆಮರದಿಂದ ಎಷ್ಟು ಹೆಜ್ಜೆ ಎಂದು ಬರೆಸಿದೆ.

“ಲಾಳಕ್ಕೂ ನಕ್ಷೆಯಾ ಮಾವ?” ಎಂದು ನಕ್ಕ.

“ತಾತನಿಗೆ ಯಾರೂ ಹೇಳಿಕೊಡಲಿಲ್ಲ ಕಣೋ” ಎಂದೆ.

ಆ ಸಂಜೆ ಗುಂಡಿಗೂ ಒಂದು ಚೀಟಿ ಕಟ್ಟಿದೆ: “ಸಾವನದುರ್ಗದ ಕಡೆ. ಜಾಗ ಕೇಳಿಟ್ಟುಕೊಳ್ಳಲಿಲ್ಲ.”