ಕಲ್ಲಿನ ಮೇಲಿನ ಜಮಾ-ಖರ್ಚು

(ನಮ್ಮ ಸೀಮೆಯ ಐದು ಊರುಗಳ ಇತಿಹಾಸ)



ನಮ್ಮ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಯಲ್ಲಿ ನಮ್ಮ ಸೀಮೆಯ ಇತಿಹಾಸ ಕುರಿತು ಒಂದು ಲೇಖನ ಇರಲೇಬೇಕೆಂದು ಹಿರಿಯರು ಅಪ್ಪಣೆ ಮಾಡಿದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಸುತ್ತಲಿನ ಇತಿಹಾಸವನ್ನು ಪೂರ್ತಿ ಬರೆಯಹೊರಟರೆ ಈ ಸಂಚಿಕೆಯ ಪುಟಗಳು ಸಾಲವು. ರಾಜರ ಹೆಸರು, ಕಾಳಗದ ಇಸವಿ ಶಾಲೆಯ ಪುಸ್ತಕದಲ್ಲೂ ಸಿಗುತ್ತವೆ. ಸಂಘದವರಾದ ನಮಗೆ ಅದಕ್ಕಿಂತ ಹತ್ತಿರದ ಸಂಗತಿ ಒಂದಿದೆ. ಅದೇ ಲೆಕ್ಕ.

ಠರಾವು ಪುಸ್ತಕ, ಷೇರು ಖಾತೆ, ಸಾಕ್ಷಿ, ರುಜು, ಇವಿಲ್ಲದೆ ಸಂಘ ನಡೆಯುತ್ತದೆಯೇ? ಇದೇ ಲೆಕ್ಕವನ್ನು ನಮ್ಮ ಪೂರ್ವಿಕರು ಕಲ್ಲಿನ ಮೇಲೆ ಬರೆದಿಟ್ಟರು. ಅದಕ್ಕೆ ನಾವು ಶಾಸನ ಎನ್ನುತ್ತೇವೆ. ಯಾವುದಾದರೊಂದು ದಾನಶಾಸನವನ್ನು ಓದಿಸಿ ಕೇಳಿರಿ. ಮೊದಲು ಆಳುವ ಅರಸನ ಹೆಸರು, ಶಕವರ್ಷ, ತಿಥಿ, ವಾರ. ಆಮೇಲೆ ಕೊಟ್ಟವರು ಯಾರು, ಕೊಟ್ಟದ್ದು ಎಷ್ಟು ಭೂಮಿ, ಅದರ ಚೆಕ್ಕುಬಂದಿ ಯಾವುದು, ಅದು ದೀಪಕ್ಕೋ, ಕೆರೆಗೋ, ಓದುವ ಮಕ್ಕಳ ಊಟಕ್ಕೋ ಎಂಬ ವಿವರ. ಅದನ್ನು ಕಾಪಾಡಬೇಕಾದ ಮಹಾಜನರು, ಗೌಡರು ಯಾರು ಎಂಬ ಮಾತು. ಕೊನೆಗೆ, ಕಾಪಾಡಿದವರಿಗೆ ಪುಣ್ಯ, ಅಳಿಸಿದವರಿಗೆ ಪಾಪ ಎಂಬ ಎಚ್ಚರಿಕೆ. ಇಂದಿನ ಲೆಕ್ಕಪರಿಶೋಧಕರಿಗಿಂತ ಆ ಎಚ್ಚರಿಕೆಗೆ ಜನ ಹೆಚ್ಚು ಹೆದರುತ್ತಿದ್ದರು ಎಂದರೆ ತಪ್ಪಾಗಲಾರದು!

ಈ ಕಣ್ಣಿನಿಂದ ನೋಡಿದರೆ ನಮ್ಮ ಸೀಮೆಯ ಗುಡಿ, ಕೆರೆ, ಕೋಟೆ, ಜಾತ್ರೆಗಳೆಲ್ಲ ಬೇರೆಯೇ ಆಗಿ ಕಾಣುತ್ತವೆ. ಹೊಳೆ ಕಡೆಯಿಂದ ಶುರು ಮಾಡಿ ಒಂದು ಸುತ್ತು ಹೋಗಿ ಬರೋಣ ಬನ್ನಿ.

ಹೊಳೆದಂಡೆಯ ಹಡಗಲಿ

ಹೂವಿನಹಡಗಲಿ ಎಂದೊಡನೆ ಮಲ್ಲಿಗೆಯ ವಾಸನೆ ನೆನಪಾಗುತ್ತದೆ. ಇಲ್ಲಿಂದ ಹಂಪಿಯ ವಿರೂಪಾಕ್ಷನಿಗೆ ಹೊಳೆಯ ಮೇಲೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಈ ಹೆಸರು ಬಂತು ಅಂತ ನಮ್ಮ ಕಡೆ ಹೇಳುತ್ತಾರೆ. ಇಂದು ಹಡಗಲಿ ಮಲ್ಲಿಗೆಗೆ ಸರ್ಕಾರದ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಇದೇ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಸಿಕ್ಕ ತಾಮ್ರದ ತಗಡುಗಳು ನಮ್ಮ ಸೀಮೆಯ ಅತಿ ಹಳೆಯ ಬರವಣಿಗೆಗಳಲ್ಲಿ ಸೇರಿವೆ. ಕಂಚಿಯ ಪಲ್ಲವ ಅರಸ ಶಿವಸ್ಕಂದವರ್ಮನು 4ನೇ ಶತಮಾನದಲ್ಲಿ ಪ್ರಾಕೃತ ಭಾಷೆಯಲ್ಲಿ ಬರೆಸಿದ ದಾನಪತ್ರವಿದು. ದಾನ ಪಡೆದವರಿಗೆ ಏನೇನು ವಿನಾಯಿತಿ ಕೊಟ್ಟಿದ್ದಾರೆ ಎಂಬುದೇ ಅದರಲ್ಲಿ ಸ್ವಾರಸ್ಯ. ಅಧಿಕಾರಿಗಳು ಬಂದು ಹಾಲು-ಮೊಸರು ಕೇಳುವಂತಿಲ್ಲ, ಎತ್ತು ಹಿಡಿಯುವಂತಿಲ್ಲ, ಹುಲ್ಲು-ಸೌದೆ ಒಯ್ಯುವಂತಿಲ್ಲ, ಉಪ್ಪು-ಸಕ್ಕರೆಯ ಕಾಟ ಕೊಡುವಂತಿಲ್ಲ. ಸಾವಿರದ ಆರುನೂರು ವರ್ಷಗಳ ಹಿಂದೆ ರೈತನ ಮನೆಯಲ್ಲಿ ಏನಿತ್ತು, ಅವನಿಗೆ ಯಾರ ಕಾಟವಿತ್ತು ಎಂಬುದು ಈ ಒಂದು ಪಟ್ಟಿಯಿಂದಲೇ ತಿಳಿಯುತ್ತದಲ್ಲವೇ?

ಅದೇ ಊರಿನ ಕಲ್ಲೇಶ್ವರ ಗುಡಿಯನ್ನು ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಮಂತ್ರಿ ದೇಮರಸನು 1057ರ ಸುಮಾರಿಗೆ ಕಟ್ಟಿಸಿದನು. ಆ ದೊರೆಯ ಕೊನೆಯೂ ಈ ತಾಲ್ಲೂಕಿನಲ್ಲಿಯೇ ಆಯಿತು. ವಾಸಿಯಾಗದ ಬೇನೆಯಿಂದ ನೊಂದು 1068ರಲ್ಲಿ ಆತ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟನು. ಬೇಲೂರಿನ ಶಿಲಾಬಾಲಿಕೆಯರನ್ನು ಕಂಡು ಬಂದವರು ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನೂ ಒಮ್ಮೆ ನೋಡಬೇಕು. ನಮ್ಮ ಮನೆ ಬಾಗಿಲಲ್ಲೇ ಇಂಥದ್ದಿದೆ ಎಂದು ಅಭಿಮಾನವಾಗುತ್ತದೆ. ಮಾಗಳದ ಸೂರ್ಯನಾರಾಯಣ ಗುಡಿಯೂ ಇದೇ ಹೊಳೆಸಾಲಿನ ಇನ್ನೊಂದು ಒಡವೆ.

ಇನ್ನು ಮೈಲಾರ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುವಾಗ ಲಕ್ಷಾಂತರ ಜನ ಒಮ್ಮೆಗೇ ಸದ್ದಡಗಿ ನಿಲ್ಲುತ್ತಾರೆ. ಬರುವುದು ಒಂದೇ ಸಾಲಿನ ನುಡಿ. ಅದರಲ್ಲಿ ಮಳೆ ಎಷ್ಟು, ಬೆಳೆ ಹೇಗೆ, ಧಾರಣೆ ಏನಾದೀತು ಎಂದು ಊರಿಗೆ ಮರಳುವ ದಾರಿಯುದ್ದಕ್ಕೂ ಅರ್ಥ ಮಾಡುತ್ತಾ ಬರುತ್ತಾರೆ. ಇದೂ ಒಂದು ಬಗೆಯ ಮುಂಗಡ ಪತ್ರವೇ ಸರಿ.

ಹರಪನಹಳ್ಳಿ ಸೀಮೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಹಳೆಯ ಹೆಸರು ಬಲ್ಗುಳಿ. ಅಲ್ಲಿನ ಕಲ್ಲೇಶ್ವರ ಗುಡಿಯ ಕೆಲಸ ರಾಷ್ಟ್ರಕೂಟರ ಕಾಲದಲ್ಲಿ ಶುರುವಾಯಿತು. 987ರ ಶಾಸನವೊಂದು, ಚಾಲುಕ್ಯ ಎರಡನೇ ತೈಲಪನ ಆಳ್ವಿಕೆಯಲ್ಲಿ ದುಗ್ಗಿಮಯ್ಯನೆಂಬುವನು ಅದನ್ನು ಕಟ್ಟಿಸಿದ ಸಂಗತಿ ತಿಳಿಸುತ್ತದೆ. ಅರಸು ಮನೆತನ ಬದಲಾಯಿತು, ಗುಡಿಯ ಕೆಲಸ ನಿಲ್ಲಲಿಲ್ಲ. ಈ ಮಾತನ್ನು ನಾವು ಸ್ವಲ್ಪ ನೆನಪಿಟ್ಟುಕೊಳ್ಳೋಣ. ನೀಲಗುಂದದ ಭೀಮೇಶ್ವರ ಗುಡಿಯ ಕೆತ್ತನೆಯೂ ಅಷ್ಟೇ ನಯವಾದದ್ದು.

ಉಚ್ಚಂಗಿದುರ್ಗವು ನೊಳಂಬವಾಡಿಯನ್ನು ಆಳಿದ ಪಾಂಡ್ಯರ ನೆಲೆಯಾಗಿತ್ತು. ಅಭೇದ್ಯವೆಂದು ಹೆಸರಾದ ಆ ಕೋಟೆಯನ್ನು 1177ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನು ಗೆದ್ದನು. ಕೋಟೆಯ ಗೋಡೆ ಜೀರ್ಣವಾಗಿದೆ. ಆದರೆ ಉಚ್ಚಂಗಮ್ಮನ ಹುಣ್ಣಿಮೆಗೆ ಗುಡ್ಡ ಹತ್ತುವವರ ಸಾಲು ಕರಗಿಲ್ಲ.

ವಿಜಯನಗರ ಅಳಿದ ಮೇಲೆ ಹರಪನಹಳ್ಳಿಯಲ್ಲಿ ಪಾಳೇಗಾರರು ತಲೆ ಎತ್ತಿದರು. ದಾದಯ್ಯ ನಾಯಕ ಮೂಲಪುರುಷ. ಈ ಮನೆತನಕ್ಕೂ ಚಿತ್ರದುರ್ಗಕ್ಕೂ ಒಮ್ಮೆ ಬೀಗತನ, ಒಮ್ಮೆ ಹಗೆತನ. 1748ರ ಮಾಯಕೊಂಡದ ಕಾಳಗದಲ್ಲಿ ದುರ್ಗದ ಹಿರಿಯ ಮದಕರಿ ನಾಯಕ ಮಡಿದದ್ದು ಹರಪನಹಳ್ಳಿ ಕಡೆಯ ಸೈನ್ಯದ ಎದುರಿನಲ್ಲೇ. ಕತ್ತಿಯ ಸದ್ದಿನ ಈ ಊರಿಗೆ ಹಾಡಿನ ಹೆಸರನ್ನು ತಂದವರು ಹರಪನಹಳ್ಳಿ ಭೀಮವ್ವನವರು (1823-1903). ಅವರ ಆರತಿ ಹಾಡು, ಕಥನದ ಹಾಡುಗಳು ಹೆಣ್ಣುಮಕ್ಕಳ ಬಾಯಿಂದ ಬಾಯಿಗೆ ಸಾಗಿ ಉಳಿದುಕೊಂಡವು.

ಕೊಟ್ಟೂರು, ಉಜ್ಜಿನಿ, ಅಂಬಳಿ

ಹರಪನಹಳ್ಳಿಯಿಂದ ಮೂಡಲಿಗೆ ಹೊರಟರೆ ಕೊಟ್ಟೂರು. ಮೂಲಾ ನಕ್ಷತ್ರದ ದಿನ ನಡೆಯುವ ಗುರು ಕೊಟ್ಟೂರೇಶ್ವರನ ತೇರಿಗೆ ಐದೂ ತಾಲ್ಲೂಕಿನ ಜನ ರಾತ್ರಿಯೆಲ್ಲ ನಡೆದು ಬರುತ್ತಾರೆ. ದಲಿತ ಹೆಣ್ಣುಮಗಳು ಆರತಿ ಬೆಳಗಿದ ಮೇಲೆಯೇ ತೇರಿನ ಮುಂದಿನ ಕಾರ್ಯ ಎಂಬುದು ಅಲ್ಲಿನ ಸಂಪ್ರದಾಯ. 2017ರ ಫೆಬ್ರವರಿ 21ರಂದು ತೇರು ಉರುಳಿ ಬಿದ್ದಾಗ ನಾಡೇ ಕಂಗಾಲಾಗಿತ್ತು. ಆದರೂ ಹೊಸ ತೇರು ಸಿದ್ಧವಾಗಿ ಮತ್ತೆ ಬೀದಿಗಿಳಿಯಿತು.

ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿ ಪಂಚಪೀಠಗಳಲ್ಲಿ ಒಂದರ ನೆಲೆ. "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಎಂಬ ಗಾದೆ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲಿ ಜಾತ್ರೆಯ ಹೊತ್ತಿಗೆ ಗುಡಿಯ ಶಿಖರಕ್ಕೇ ಎಣ್ಣೆ ಎರೆಯುತ್ತಾರೆ. ಆ ತೈಲಾಭಿಷೇಕಕ್ಕೆ ಜರಿಮಲೆ ಪಾಳೇಗಾರರ ಮನೆತನದಿಂದ ಎಣ್ಣೆ ಬರುವುದು ವಾಡಿಕೆ. ಪಾಳೇಪಟ್ಟು ಹೋಯಿತು, ಎಣ್ಣೆಯ ಬಾಕಿ ನಿಲ್ಲಲಿಲ್ಲ ನೋಡಿರಿ. ಅಂಬಳಿಯ ಕಲ್ಲೇಶ್ವರ ಗುಡಿಯೋ, ಆರನೇ ವಿಕ್ರಮಾದಿತ್ಯನ ಕಾಲದ್ದು, 1083ರದು. ತೇರಿಗೆ ಹೋದವರು ಒಂದು ಗಳಿಗೆ ಬಿಡುವು ಮಾಡಿಕೊಂಡು ಅಂಬಳಿಯನ್ನೂ ನೋಡಿ ಬರ್ರಿ.

1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂತು. ಮೀಟರ್‌ಗೇಜ್ ಹಳಿಯ ಕೊನೆಯ ಊರಾಗಿದ್ದ ಕೊಟ್ಟೂರು ಈಗ ಹರಿಹರದವರೆಗೆ ಕೂಡಿಕೊಂಡಿದೆ. 2019ರಲ್ಲಿ ಆ ದಾರಿಯಲ್ಲಿ ಪ್ರಯಾಣಿಕರ ರೈಲೂ ಓಡಿತು.

ಕೂಡ್ಲಿಗಿ

ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಮನುಷ್ಯಾಕಾರದ ದೊಡ್ಡ ಕಲ್ಲುಗಳು ನಿಂತಿವೆ. ಅಕ್ಷರ ಹುಟ್ಟುವ ಮೊದಲಿನ, ಬೃಹತ್ ಶಿಲಾಯುಗದ ಜನ ನಿಲ್ಲಿಸಿದವು. ತೀರಿದವರನ್ನು ಮರೆಯಬಾರದೆಂಬ ಆಸೆ ಅಷ್ಟು ಹಳೆಯದು. ಗುಡೇಕೋಟೆಯ ಕೋಟೆ ಪಾಳೇಗಾರರದು. ಚಿತ್ರದುರ್ಗದ ಒನಕೆ ಓಬವ್ವ ಆ ಊರಿನ ಮಗಳು ಎಂದು ನಮ್ಮವರು ಎದೆಯುಬ್ಬಿಸಿ ಹೇಳುತ್ತಾರೆ. ಇಂದು ಗುಡೇಕೋಟೆಯ ಕಲ್ಲುಗುಡ್ಡಗಳು ಕರಡಿಧಾಮವಾಗಿವೆ.

ಕೂಡ್ಲಿಗಿ ಪಟ್ಟಣದೊಳಗೆ ಇನ್ನೊಂದು ಸ್ಮಾರಕವಿದೆ. 1948ರಲ್ಲಿ ಗಾಂಧೀಜಿ ಹುತಾತ್ಮರಾದ ಮೇಲೆ ಅವರ ಚಿತಾಭಸ್ಮವನ್ನು ತಂದಿಟ್ಟ ಹುತಾತ್ಮರ ಸ್ಮಾರಕ. ಇದನ್ನು ಯಾವ ಚಕ್ರವರ್ತಿಯೂ ಕಟ್ಟಿಸಲಿಲ್ಲ.

ಹಗರಿಬೊಮ್ಮನಹಳ್ಳಿ

ಐದರಲ್ಲಿ ಕೊಟ್ಟೂರನ್ನು ಬಿಟ್ಟರೆ ಹೊಸದು ಇದೇ ತಾಲ್ಲೂಕು. 1953ರ ಪಟ್ಟಿಯಲ್ಲಿ ಈ ಭಾಗಕ್ಕೆ ಇದ್ದ ಹೆಸರು ಮಲ್ಲಾಪುರ ಉಪತಾಲ್ಲೂಕು. ಇಲ್ಲಿಯ ಇತಿಹಾಸವನ್ನು ನೀರೇ ಬರೆದಿದೆ, ನೀರೇ ಅಳಿಸಿದೆ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಕಾಲುವೆಗೆ ನೀರು ಬಿಟ್ಟಿತು. ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ಭೀಮವ್ವನವರು ಹುಟ್ಟಿದ ನಾರಾಯಣದೇವರಕೆರೆ ಅವುಗಳಲ್ಲಿ ಒಂದು. ಜನ ದೇವರನ್ನು ಹೊತ್ತುಕೊಂಡು ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಆ ಗದ್ದೆ, ಆ ಕಟ್ಟೆ ಇಂದು ಹಿರಿಯರ ಮಾತಿನಲ್ಲಿ ಮಾತ್ರ ಉಂಟು.

ಉಳಿದ ಕೆರೆಗಳಲ್ಲಿ ಅಂಕಸಮುದ್ರದ ಹೆಸರು ಈಗ ದೇಶದಾಚೆಗೂ ಹೋಗಿದೆ. ನೀರಾವರಿಗೆಂದು ಕಟ್ಟಿದ ಕೆರೆಯ ಜಾಲಿ ಗಿಡಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟಿದವು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಪ್ರಕಟವಾಯಿತು.

ಬದಲಾದ ವಿಳಾಸ

ಈ ಸೀಮೆಯ ವಿಳಾಸ ಎಷ್ಟು ಸಲ ಬದಲಾಗಿದೆ ನೋಡಿರಿ. ಹೈದರ್-ಟಿಪ್ಪು ಕಾಲದ ನಂತರ ನಿಜಾಮರ ಕೈಗೆ, 1800ರಲ್ಲಿ ಕಂಪನಿ ಸರ್ಕಾರಕ್ಕೆ. ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರನಾಗಿ ಬಂದದ್ದು ಆಗಲೇ. ಮುಂದೆ ನೂರೈವತ್ತು ವರ್ಷ ಮದರಾಸಿಗೆ ಅರ್ಜಿ ಬರೆದೆವು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಉಳಿದ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಯಿತು. 371(ಜೆ) ಸವಲತ್ತಿನ ಹೋರಾಟದ ಫಲವಾಗಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಹುಟ್ಟಿತು. ಹೊಸಪೇಟೆಯ ಜೊತೆಗೆ ನಮ್ಮ ಐದೂ ತಾಲ್ಲೂಕುಗಳು ಅದರಲ್ಲಿ ಸೇರಿದವು.

ಇಷ್ಟೆಲ್ಲ ಆದರೂ ಮೈಲಾರದ ದಾರಿ ತಪ್ಪಲಿಲ್ಲ, ಕೊಟ್ಟೂರ ತೇರು ನಿಲ್ಲಲಿಲ್ಲ, ಹೆಣ್ಣು ಕೊಟ್ಟು ತರುವ ನಂಟು ಬಿಡಲಿಲ್ಲ. ಯಾಕೆ? ಈ ಕೆಲಸಗಳ ಜವಾಬ್ದಾರಿ ಅರಮನೆಯಲ್ಲಿ ಇರಲಿಲ್ಲ, ಊರಲ್ಲಿ ಇತ್ತು. ಮಿಣಿ ಹಿಡಿಯುವವರು ಯಾರು, ಎಣ್ಣೆ ಕೊಡುವವರು ಯಾರು, ಆರತಿ ಬೆಳಗುವವರು ಯಾರು ಎಂಬುದು ಗೊತ್ತಿತ್ತು. ಹೊಳೆಯಾಚೆ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ಕಾಯ್ದೆ ಹೊಸದಿತ್ತು. ಕೂಡಿ ಹೊರುವ ರೂಢಿ ನಮ್ಮ ನೆಲಕ್ಕೆ ಹಳೆಯದೇ.

ನಮ್ಮ ಮುಂದಿರುವ ಬಾಕಿ

ಆದರೆ ಕಲ್ಲಿನ ಲೆಕ್ಕ ಇಂದು ಕೈತಪ್ಪಿ ಹೋಗುತ್ತಿದೆ. ದೊಡ್ಡ ಗುಡಿಗಳನ್ನು ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಹೊಲದ ಬದುವಿನ ವೀರಗಲ್ಲು, ಮಾಸ್ತಿಕಲ್ಲು, ಕೆರೆ ತೂಬಿನ ಬಳಿಯ ಶಾಸನ, ಇವುಗಳನ್ನು ನೋಡುವವರು ಯಾರು? ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ಕಡೆ ತಳಪಾಯಕ್ಕೆ ಬಿದ್ದಿವೆ. ಭಕ್ತಿಯಿಂದಲೇ ಸುಣ್ಣ, ಎಣ್ಣೆಬಣ್ಣ ಬಳಿದು ಅಕ್ಷರ ಮುಚ್ಚುವುದುಂಟು. ನಿಧಿಯ ಆಸೆಗೆ ಅಗೆದು ಒಡೆಯುವ ಕಳ್ಳರು ಬೇರೆ. ಒಂದು ಶಾಸನ ಒಡೆದರೆ ಆ ಊರಿನ ಠರಾವು ಪುಸ್ತಕವೇ ಸುಟ್ಟಂತೆ. ಅದಕ್ಕೆ ನಕಲು ಪ್ರತಿ ಇರುವುದಿಲ್ಲ.

ಆದ್ದರಿಂದ ಬೆಳ್ಳಿಹಬ್ಬದ ನೆನಪಿಗೆ ನಾವು ಒಂದು ಸಣ್ಣ ಸೂಚನೆ ಮುಂದಿಡುತ್ತೇವೆ. ಸಂಘದಲ್ಲಿ ಒಂದು ದಪ್ಪ ರಿಜಿಸ್ಟರು ಇಡೋಣ. ನಮ್ಮೂರ ಪ್ರತಿ ಹಳೆಯ ಕಲ್ಲು, ಕೆರೆ, ಬಾವಿ, ಕಟ್ಟೆ ಎಲ್ಲಿದೆ, ಯಾರ ಹೊಲದಲ್ಲಿದೆ, ಹಿರಿಯರು ಅದಕ್ಕೆ ಏನು ಹೇಳುತ್ತಾರೆ ಎಂದು ಬರೆಯೋಣ. ಶಾಲೆಯ ಮಕ್ಕಳು ಮೊಬೈಲಿನಲ್ಲಿ ಫೋಟೋ ತೆಗೆಯಲಿ. ಅಕ್ಷರವಿರುವ ಕಲ್ಲಿನ ಸುದ್ದಿಯನ್ನು ಇಲಾಖೆಗೂ, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ತಿಳಿಸೋಣ. ಬಣ್ಣ ಬಳಿಯುವ ಮುನ್ನ ಒಂದು ಮಾತು ಕೇಳೋಣ. ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ, ನಾಲ್ಕು ಭಾನುವಾರ ಸಾಕು.

ಸುವರ್ಣ ಮಹೋತ್ಸವದ ಹೊತ್ತಿಗೆ ಸಂಘದ ಷೇರು ಬಂಡವಾಳ ಎಷ್ಟಾಯಿತು ಎಂದು ನಮ್ಮ ಮಕ್ಕಳು ಕೇಳೇ ಕೇಳುತ್ತಾರೆ. ಅದರ ಜೊತೆಗೆ, ಹಿರಿಯರು ಒಪ್ಪಿಸಿದ ಕಲ್ಲುಗಳಲ್ಲಿ ಎಷ್ಟು ಉಳಿದಿವೆ ಎಂದೂ ಕೇಳಿಯಾರು. ಆ ದಿನ ರಿಜಿಸ್ಟರು ತೆರೆದು ತೋರಿಸುವಂತಿರಬೇಕು.