ಬಿಯೆನ್‌ಝೋಂಗ್
ಬಿಯೆನ್‌ಝೋಂಗ್ ಎಂಬುದು ಶ್ರುತಿಗೊಳಿಸಿದ ಕಂಚಿನ ಗಂಟೆಗಳನ್ನು ಚೌಕಟ್ಟಿಗೆ ಸಾಲಾಗಿ ತೂಗುಹಾಕಿದ ಪ್ರಾಚೀನ ಚೀನೀ ವಾದ್ಯ. ನಮ್ಮ ದೇವಾಲಯದ ಗಂಟೆಗಳಂತೆ ಇವುಗಳೊಳಗೆ ನಾಲಿಗೆಯಿಲ್ಲ. ಹೊರಮೈಗೆ ಕೊಡತಿಯಿಂದ ಹೊಡೆದು ನುಡಿಸುತ್ತಾರೆ.

ಝೌ ಅರಸರ ಕಾಲದಲ್ಲಿ ಸಂಗೀತವು ಕೇವಲ ವಿನೋದವಾಗಿರದೆ ವಿಧಿಯೊಡನೆ ಸೇರಿ ರಾಜ್ಯವ್ಯವಸ್ಥೆಯ ಅಂಗವಾಗಿತ್ತು. ಸಂಪ್ರದಾಯದಂತೆ ತೂಗುವಾದ್ಯಗಳನ್ನು ಸಾರ್ವಭೌಮನು ನಾಲ್ಕು ಬದಿಗಳಲ್ಲಿಯೂ, ಸಾಮಂತನು ಮೂರು ಬದಿಗಳಲ್ಲಿಯೂ ನಿಲ್ಲಿಸಬಹುದಿತ್ತು. ಹೀಗೆ ಗಂಟೆಯು ಅಂತಸ್ತಿನ ಅಳತೆಗೋಲೂ ಆಗಿತ್ತು.

ಇದಕ್ಕೆ ಅತ್ಯುತ್ತಮ ನಿದರ್ಶನ 1978ರಲ್ಲಿ ಹುಬೇ ಪ್ರಾಂತ್ಯದ ಸುಯಿಝೌ ಬಳಿ ಉತ್ಖನನಗೊಂಡ, ಝೆಂಗ್ ರಾಜ್ಯದ ಸಾಮಂತ ಯಿಯ ಸಮಾಧಿ. ಅಲ್ಲಿ ದೊರೆತ ಗಂಟೆಗಳು 65. ಅವು ಎರಡು ಬದಿಗಳಲ್ಲಿಯೂ, ಕಲ್ಲಿನ ತೂಗುವಾದ್ಯವು ಮೂರನೆಯ ಬದಿಯಲ್ಲಿಯೂ ಇದ್ದವು. ಮರಣದಲ್ಲಿಯೂ ಮರ್ಯಾದೆಯ ಲೆಕ್ಕ ತಪ್ಪಿರಲಿಲ್ಲ. ಅತಿ ದೊಡ್ಡ ಗಂಟೆಯ ತೂಕ 200 ಕಿಲೋಗ್ರಾಂ ಮೀರುತ್ತದೆ. ಚೂ ರಾಜ್ಯದ ಅರಸ ಹುಯಿ ಕ್ರಿ.ಪೂ. 433ರಲ್ಲಿ ಮಾಡಿಸಿಕೊಟ್ಟ ಗಂಟೆಯೊಂದು ಕೆಳಸಾಲಿನ ನಡುವೆ ತೂಗುತ್ತಿತ್ತು.

ನಿಜವಾದ ಸೋಜಿಗವಿರುವುದು ಆಕಾರದಲ್ಲಿ. ಗಂಟೆಯ ಬಾಯಿ ದುಂಡಗಿರದೆ ಬಾದಾಮಿಯಂತಿರುವುದರಿಂದ ನಾದ ಬೇಗ ಅಡಗುತ್ತದೆ. ಒಂದು ಸ್ವರ ಮುಂದಿನದರೊಡನೆ ಕಲಸಿಹೋಗುವುದಿಲ್ಲ. ಅಲ್ಲದೆ ನಡುವೆ ಹೊಡೆದರೆ ಒಂದು ಸ್ವರ, ಪಕ್ಕಕ್ಕೆ ಹೊಡೆದರೆ ಇನ್ನೊಂದು. ಇವೆರಡರ ಅಂತರ ಸುಮಾರಾಗಿ ಷಡ್ಜದಿಂದ ಗಾಂಧಾರಕ್ಕಿರುವಷ್ಟು. ಇದು ಆಕಸ್ಮಿಕವಲ್ಲ: ಎರಡೂ ಸ್ವರಗಳ ಹೆಸರುಗಳನ್ನು ಗಂಟೆಗಳ ಮೇಲೆಯೇ ಬರೆಯಲಾಗಿದೆ. ಝೆಂಗ್‌ನ ಸ್ವರನಾಮಗಳಿಗೆ ಚೂ ಮೊದಲಾದ ರಾಜ್ಯಗಳಲ್ಲಿದ್ದ ಸಮಾನ ಹೆಸರುಗಳನ್ನೂ ಈ ಬರಹಗಳು ತಿಳಿಸುತ್ತವೆ.

ಗಂಟೆಗಳು ಈಗ ವೂಹಾನ್‌ನ ಹುಬೇ ಪ್ರಾಂತೀಯ ವಸ್ತುಸಂಗ್ರಹಾಲಯದಲ್ಲಿವೆ. ಕಛೇರಿಗಳಲ್ಲಿ ಪ್ರತಿಕೃತಿಗಳನ್ನು ನುಡಿಸುತ್ತಾರೆ.