ಧಾರವಾಡದ ಸಿತಾರಿನಲ್ಲಿ ಉಳಿದ ಬೀನ್

ನಮ್ಮ ಹೆಮ್ಮಾಡಿ, ಕುಂದಾಪುರ ಕಡೆಯವರ ಕಿವಿಗೆ ಚೆಂಡೆ ಮದ್ದಳೆಗಳು ಚಿರಪರಿಚಿತ. ತಂತಿವಾದ್ಯಗಳ ನಂಟು ಅಷ್ಟಿಲ್ಲ. ಸಿತಾರ್ ಎಂದರೆ ನಮಗೆ ಬಹುಮಟ್ಟಿಗೆ ಆಕಾಶವಾಣಿಯಿಂದ ಬಂದ ನಾದ. ಆ ನಾದದ ಹಿಂದೆ ಇನ್ನೂ ಹಳೆಯದೊಂದು ವಾದ್ಯವಿದೆ. ಅದರ ವಿದ್ಯೆಯನ್ನು ಕನ್ನಡ ನೆಲಕ್ಕೆ ತಂದವರ ಚರಿತ್ರೆಯೂ ಇದೆ.

ಆ ವಾದ್ಯ ರುದ್ರವೀಣೆ. ಉಸ್ತಾದರ ಬಾಯಲ್ಲಿ ಅದು ಬೀನ್. ಹಾವಾಡಿಗರ ಪುಂಗಿಯನ್ನೂ ಉತ್ತರದವರು ಬೀನ್ ಎನ್ನುತ್ತಾರೆ. ಅದು ಬೇರೆ, ಇದು ಬೇರೆ. ಉದ್ದನೆಯ ಕೊಳವೆ, ಅದರ ಕೆಳಗೆ ಎರಡು ದೊಡ್ಡ ಸೋರೆಬುರುಡೆ, ಮೇಲೆ ಮೇಣದಲ್ಲಿ ಕೂರಿಸಿದ ಮೆಟ್ಟುಗಳು. ಮೊಘಲ್ ದರ್ಬಾರಿನಲ್ಲಿ ಧ್ರುಪದ್ ಗಾಯನದ ಜೊತೆಗೆ ಬೆಳೆದ ಇದರ ನಡೆ ನಿಧಾನ, ಸ್ವರ ಗಂಭೀರ. ಬೀನನ್ನು ಮನೆಯ ಮಕ್ಕಳಿಗಷ್ಟೇ ಕಲಿಸುವುದು, ಹೊರಗಿನ ಶಾಗಿರ್ದರ ಕೈಗೆ ಸಿತಾರ್ ಅಥವಾ ಸುರ್‌ಬಹಾರ್ ಕೊಡುವುದು ಹಲವು ಬೀನ್‌ಕಾರ ಮನೆತನಗಳ ರೂಢಿಯಾಗಿತ್ತು.

19ನೇ ಶತಮಾನದ ಹೆಸರಾಂತ ಬೀನ್‌ಕಾರರು ಉಸ್ತಾದ್ ಬಂದೇ ಅಲಿ ಖಾನ್. ಇಂದೋರಿನ ದರ್ಬಾರಿನ ನಂಟಿದ್ದ ಅವರು ಕೊನೆಯುಸಿರೆಳೆದದ್ದು ಪುಣೆಯಲ್ಲಿ. ಅವರ ಶಿಷ್ಯರಲ್ಲೊಬ್ಬರು ರಹಿಮತ್ ಖಾನ್. ಗುರುವಿನ ಬೀನ್ ಆಲಾಪವನ್ನು ಇವರು ಸಿತಾರಿನಲ್ಲಿ ನುಡಿಸಹೊರಟರು. ಬೀನಿನ ಆಲಾಪ ಮಂದ್ರಕ್ಕೂ ಕೆಳಗೆ, ಅತಿಮಂದ್ರದ ಆಳಕ್ಕೆ ಇಳಿಯಬೇಕು. ಅದಕ್ಕೆ ತಕ್ಕ ತಂತಿ ಸಿತಾರಿಗೆ ಬೇಕಿತ್ತು. ಸಿತಾರಿನ ತಂತಿಗಳ ಜೋಡಣೆಯಲ್ಲಿ ಹೊಸ ಕ್ರಮ ತಂದ ಹಿರಿಮೆಯನ್ನು ಅವರ ಪರಂಪರೆ ಅವರಿಗೇ ಸಲ್ಲಿಸುತ್ತದೆ. ಅವರು ನೆಲೆ ನಿಂತದ್ದು ಧಾರವಾಡದಲ್ಲಿ. 'ಸಿತಾರ್ ರತ್ನ' ಎಂಬ ಬಿರುದು ಅವರ ಹೆಸರಿಗೇ ಅಂಟಿಕೊಂಡಿತು.

ಅದೇ ಬೀನಿನ ಪ್ರಭಾವ ಕಂಠದ ದಾರಿಯಿಂದಲೂ ಧಾರವಾಡದ ಕಡೆಗೆ ಹರಿಯಿತು. ಬಂದೇ ಅಲಿ ಖಾನರನ್ನು ಹಿರಿಯರೆಂದು ಗೌರವಿಸುವ ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಹಾಡುಗಾರರು, ಬೀನನ್ನೂ ಬಲ್ಲವರು. ಒಂದೊಂದೇ ಸ್ವರದ ಮೇಲೆ ತಂಗಿ ಮುಂದೆ ಸಾಗುವ ಅವರ ಗಾಯನದಲ್ಲಿ ಬೀನಿನ ನಡಿಗೆಯಿದೆ. ಅವರಿಂದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು ಕಲಿತರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಇಲ್ಲಿ ರಕ್ತಸಂಬಂಧವನ್ನೂ ಜಾತಿಮತವನ್ನೂ ಯಾರೂ ಅಡ್ಡ ತರಲಿಲ್ಲ.

ರಹಿಮತ್ ಖಾನರ ಸಿತಾರ್ ಅವರ ಮಗ ಅಬ್ದುಲ್ ಕರೀಂ ಖಾನರಿಗೆ (ಮೇಲಿನ ಗಾಯಕರಲ್ಲ, ಅದೇ ಹೆಸರಿನವರು), ಅಲ್ಲಿಂದ ಮೊಮ್ಮಗ ಬಾಲೇಖಾನರಿಗೆ (1942–2007) ಬಂತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಇಂಥ ಕಲಾವಿದರ ನಾದವನ್ನು ಹಳ್ಳಿ ಹಳ್ಳಿಗೂ ತಲುಪಿಸಿತು. ಬಾಲೇಖಾನರ ತಮ್ಮ ರಫೀಕ್ ಖಾನ್ ಮಂಗಳೂರು ಆಕಾಶವಾಣಿಯ ಕಲಾವಿದರಾದಾಗ ಈ ಪರಂಪರೆ ಘಟ್ಟ ಇಳಿದು ನಮ್ಮ ಕರಾವಳಿಗೂ ಬಂದಂತಾಯಿತು.

ಬೀನ್ ಮಾತ್ರ ಸೊರಗಿತು. ದರ್ಬಾರುಗಳು ಮುಳುಗಿದವು, ಅದರ ಮೆಲುದನಿ ದೊಡ್ಡ ಸಭೆಗಳಿಗೆ ಹೊಂದಲಿಲ್ಲ. ಜಿಯಾ ಮೊಹಿಯುದ್ದೀನ್ ಡಾಗರ್ 1990ರಲ್ಲಿ, ಅಸದ್ ಅಲಿ ಖಾನ್ 2011ರಲ್ಲಿ ತೀರಿಕೊಂಡರು. ಇಂದು ಅದನ್ನು ನುಡಿಸುವವರು ಕೆಲವರೇ. ಆದರೆ ವಾದ್ಯ ಬೇರೆ, ವಿದ್ಯೆ ಬೇರೆ. ಹೊರಗಿನವರಿಗೆಂದು ಕೊಟ್ಟ ಸಿತಾರಿನಲ್ಲೇ ಬೀನಿನ ಉಸಿರು ಉಳಿಯಿತೆಂಬುದನ್ನು ನಾವು ಮರೆಯಬಾರದು. ಬಚ್ಚಿಟ್ಟ ವಿದ್ಯೆ ಮನೆಯೊಂದಿಗೇ ಮುಗಿಯುತ್ತದೆ, ಹಂಚಿದ್ದು ಊರಿನದಾಗುತ್ತದೆ.